ಅಯ್ಯನವರನ್ನು ಕೇಳಲಾಗದ ಒಂದು ಮಾತು

ಶಿವಾನಿ, ಓಂಕಾರ, ನಿಮ್ಮ ಆಯಿಗೆ, ಅಂದರೆ ಈ ಅಜ್ಜಿಗೆ, ಹೊರಗಿನವರೊಡನೆ ಮಾತಾಡಲು ನಾಚಿಕೆ ಎಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ನಾಚಿಕೆ ಎಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತಿರಲಾರದು. ಮದುವೆಯಾದ ಹೊಸದರಲ್ಲಿ ಒಮ್ಮೆ ಸಾಸ್ತೂರಿಗೆ ಹೋಗಲು ಬಸ್ಸು ಹತ್ತಿದ್ದೆ. ಊರು ಬಂತು, ಬಸ್ಸು ನಿಲ್ಲಲಿಲ್ಲ. "ನಿಲ್ಲಸ್ರಿ" ಎಂಬ ಮಾತು ಗಂಟಲಿನವರೆಗೆ ಬಂದು ಅಲ್ಲೇ ಕುಳಿತುಬಿಟ್ಟಿತು. ಮುಂದಿನ ಊರಲ್ಲಿ ಯಾರೋ ಪುಣ್ಯಾತ್ಮರು ಇಳಿದರು. ಅವರ ಬೆನ್ನಿಗೇ ನಾನೂ ಇಳಿದು ಬಿಸಿಲಲ್ಲಿ ನಡೆಯುತ್ತ ಹಿಂದಕ್ಕೆ ಬಂದೆ. ಯಾಕೆ ತಡವಾಯಿತು ಎಂದು ಕೇಳಿದವರಿಗೆ ಬಸ್ಸು ತಡ ಎಂದೆ. ಪಾಪ, ಆ ಬಸ್ಸಿನ ಮೇಲೆ ಎಷ್ಟು ಮಂದಿ ಇಂಥ ಸುಳ್ಳು ಹೇಳಿದ್ದಾರೋ ಏನೋ. ಶಾಲೆಯಲ್ಲೂ ಅಷ್ಟೇ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ನಮ್ಮ ಮಾಸ್ತರರು ನನ್ನ ಪಾಟಿ ನೋಡಿ, "ಬರಿಯೋದ್ರಾಗ ಗಿಣಿ, ಬಾಯಿ ಬಿಡೋದ್ರಾಗ ಬಂಡೆಗಲ್ಲು" ಎನ್ನುತ್ತಿದ್ದರು. ಅದಕ್ಕೇ ಹೇಳುವುದನ್ನು ಬಿಟ್ಟು ಬರೆಯುತ್ತಿದ್ದೇನೆ. ನಾನು ಕಲಿತದ್ದು ಗಡಿಯ ಆಚೆ, ಆಳಂದದ ಕಡೆಯ ಹಳ್ಳಿಯಲ್ಲಿ, ಕನ್ನಡದಲ್ಲಿ. ನೀವು ಕಲಿಯುತ್ತಿರುವುದು ಉಮರ್ಗಾದಲ್ಲಿ, ಮರಾಠಿಯಲ್ಲಿ. ಆದ್ದರಿಂದ ಬೆರಳಿಟ್ಟು ನಿಧಾನವಾಗಿ ಓದಿ. ಒತ್ತಕ್ಷರ ಬಂದಲ್ಲಿ ಓಂಕಾರ ಅಕ್ಕನನ್ನು ಕೇಳಲಿ. ಅಕ್ಕನಿಗೂ ಬಾರದಿದ್ದರೆ ಇಬ್ಬರೂ ಅದನ್ನು ಹಾರಿ ಮುಂದಕ್ಕೆ ಹೋಗಿ. ನನ್ನ ಬರಹದಲ್ಲಿ ಒಂದು ಅಕ್ಷರ ತಪ್ಪಿದರೆ ಮುಳುಗಿಹೋಗುವಂಥದ್ದು ಏನೂ ಇರುವುದಿಲ್ಲ.

ನಿಮ್ಮ ದೊಡ್ಡಾಯಿ ಕಾಶೀಬಾಯಿ ನನಗೆ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ನಾನು ಆಕೆಯನ್ನು ಅಕ್ಕ ಎನ್ನುತ್ತೇನೆ. ಒಂದೇ ಮನೆಗೆ ಸೊಸೆಯರಾಗಿ ಬಂದೆವು, ಒಂದೇ ಒಲೆಯ ಮುಂದೆ ಮುದುಕಿಯರಾದೆವು. ದೇವರು ಇಬ್ಬರಿಗೂ ಸೇರಿಸಿ ಒಂದು ಬಾಯಿ ಕೊಟ್ಟ. ಅದನ್ನು ಪೂರ್ತಿ ಆಕೆಯೇ ಇಟ್ಟುಕೊಂಡಳು. ನಾನೇನೂ ತಕರಾರು ಮಾಡಲಿಲ್ಲ. ನನಗೆ ಬೇಕಾದದ್ದನ್ನೂ ಆಕೆಯೇ ಕೇಳಿ ತರುತ್ತಿದ್ದಳು. ಸಕ್ಕರೆ ರೋಗದಿಂದ ಆಕೆಯ ಬಲಗಾಲನ್ನು ಮೊಳಕಾಲಿನ ಕೆಳಗೆ ತೆಗೆದದ್ದು ನಿಮಗೆ ನೆನಪಿದೆ. ಆಸ್ಪತ್ರೆಯಿಂದ ಬಂದ ದಿನ ಮನೆಯವರೆಲ್ಲ ಅಳುತ್ತ ನಿಂತಿದ್ದರೆ ಆಕೆ ಗಾಲಿಕುರ್ಚಿಯಲ್ಲಿ ಕುಳಿತು, "ಅಳ್ಕೋತ ನಿಂದ್ರಬ್ಯಾಡ್ರಿ. ಎಡಗಾಲ ಹೋದಾಕೀನ ಒಬ್ಬಾಕೀನ ಹುಡುಕ್ರಿ, ಒಂದ ಜೋಡ ಚಪ್ಪಲ್‌ದಾಗ ಇಬ್ಬರದೂ ನಡೀತದ" ಎಂದಳು. ಅಂದಿನಿಂದ ಆ ಕುರ್ಚಿಯನ್ನು ಆಕೆ ಗಾಡಿ ಎನ್ನುತ್ತಾಳೆ. ಅಂಗಳಕ್ಕೆ ಹೋಗುವಾಗಲೂ, "ನನ್ನ ಗಾಡಿ ಹೊಂಟದ, ಹಾದಿ ಬಿಡ್ರಿ" ಎಂದು ಕೂಗಿಯೇ ಹೋಗುತ್ತಾಳೆ.

ಇಂಥವಳು, ಮೊಮ್ಮಗಳ ಮಗನ ತೊಟ್ಟಿಲಿಗೆ ಕರೆ ಬಂದಾಗ, "ನಾ ಬರಂಗಿಲ್ಲ, ನೀವು ಹೋಗಿ ಬರ್ರಿ" ಎಂದುಬಿಟ್ಟಳು. ಆಕೆಗಿರುವುದು ಒಬ್ಬಳೇ ಮಗಳು, ಉದಗೀರದ ಮಹಾನಂದಾ. ಮಹಾನಂದಾಳ ಮಗಳು ಪೂಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡು ಹೆತ್ತಿದ್ದಳು. ಮರಿಮೊಮ್ಮಗನನ್ನು ಕಂಡವರ ತಲೆಯ ಮೇಲೆ ಬಂಗಾರದ ಹೂ ಸುರಿಯುವುದು ನಮ್ಮ ಕಡೆಯ ಪದ್ಧತಿ. ಅದು ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ನಮ್ಮ ಮನೆತನದಲ್ಲಿ ಅಷ್ಟು ವರ್ಷ ಬದುಕಿ ಅದನ್ನು ಕಂಡವರೇ ಇಲ್ಲ. ಹಾಗಿದ್ದರೂ ಆಕೆ ಬರುವುದಿಲ್ಲ ಎಂದಳು. ಬೆನ್ನು ನೋವು, ಹಾದಿ ದೂರ, ಬಿಸಿಲು ಜೋರು ಎಂದು ಎಲ್ಲರಿಗೂ ಒಂದೊಂದು ನೆವ ಹೇಳಿದಳು. ಖರೆ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಹಿಂದೆ ನಿಲಂಗಾದಲ್ಲಿ ಒಂದು ಮದುವೆಗೆ ಹೋಗಿದ್ದೆವಲ್ಲ, ಅಲ್ಲಿ ಸಂಡಾಸಕ್ಕೆ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಗಂಡಸರು ಎತ್ತಿಕೊಂಡು ಹೋಗಬೇಕಾದೀತು ಎಂದು ಹೆದರಿ ಆಕೆ ಬೆಳಗಿನಿಂದ ಒಂದು ಗುಟುಕು ನೀರು ಕುಡಿಯಲಿಲ್ಲ. ಊಟದ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕುರ್ಚಿಯಲ್ಲೇ ಒರಗಿದಳು. ಎಲ್ಲರೂ ಬಿಸಿಲಿನ ತಾಪ ಎಂದರು. ಊರಿಗೆಲ್ಲ ಕೇಳುವಂತೆ ಮಾತಾಡುವ ನನ್ನ ಅಕ್ಕ ಆ ದಿನ ನನ್ನ ಕಿವಿಯಲ್ಲಿ, "ಯಾರ್ ಮುಂದೂ ಹೇಳಬ್ಯಾಡ, ನನ್ನ ಆಣಿ ಅದ" ಎಂದಳು. ಮಹಾನಂದಾಳ ಮನೆ ಬಜಾರದಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಏಣಿಯಂಥ ಕಡಿದಾದ ಮೆಟ್ಟಿಲಿನ ಜೀನೆ. ಅಲ್ಲಿಗೆ ಹೋದರೆ ಮತ್ತೆ ಅದೇ ಕಥೆ.

ನೀವಿಬ್ಬರೂ ಆಗ ಪರೀಕ್ಷೆಯಲ್ಲಿದ್ದಿರಿ. ನಿಮ್ಮಪ್ಪನಿಗೆ ಕಿರಾಣಿ ಅಂಗಡಿ ಬಿಡಲಾಗದು, ನಿಮ್ಮವ್ವನಿಗೆ ನಿಮ್ಮನ್ನು ಬಿಡಲಾಗದು. ಹೋಗುವುದಿದ್ದರೆ ನಾವಿಬ್ಬರು ಮುದುಕಿಯರೇ. ಆಗ ನನ್ನ ತಲೆಯಲ್ಲಿ ಒಂದು ವಿಚಾರ ಬಂತು. ಉದಗೀರದಲ್ಲಿ ನೆಲಮಟ್ಟದ, ಗಾಡಿ ಹೋಗುವಂಥ, ಕುರ್ಚಿಯಂಥ ಸಂಡಾಸವಿರುವ ಒಂದು ಕೋಣೆ ಬಾಡಿಗೆಗೆ ಸಿಕ್ಕರೆ? ಆಣೆ ಇದ್ದದ್ದರಿಂದ ನಿಮ್ಮಪ್ಪನಿಗೆ ಹೇಳುವ ಹಾಗಿಲ್ಲ. ಮೂಲೆಯಲ್ಲಿ ಲೆಕ್ಕ ಬಿಡಿಸುತ್ತ ಕೂತಿದ್ದ ಶಿವಾನಿಯ ಹತ್ತಿರ ಹೋಗಿ ಮೆಲ್ಲಗೆ, "ಅಗ್ಗದಾಗ ಕೋಣಿ ಕೊಡ್ತಾರಂತಲ್ಲ ಫೋನಿನ್ಯಾಗ, ಅದನ್ನ ನನಗ ಹಾಕಿಕೊಡು" ಎಂದೆ. ನೀನು, ಶಿವಾನಿ, ಕಣ್ಣು ದೊಡ್ಡದು ಮಾಡಿ, "ಆಯಿ, ಎಲ್ಲಿಗೆ ಓಡಿ ಹೋಗ್ಲತ್ತೀ?" ಎಂದೆ. ನಿನಗೆ ಮಾತ್ರ ವಿಷಯ ಹೇಳಿದೆ. ಮೊಮ್ಮಕ್ಕಳಿಗೆ ಹೇಳಿದರೆ ಆಣೆ ತಪ್ಪುವುದಿಲ್ಲ ಎಂದು ನಾನೇ ಒಂದು ಕಾನೂನು ಮಾಡಿಕೊಂಡೆ.

ಆ ಫೋನಿನ ಕೋಣೆಗಳ ಬಜಾರವನ್ನು ಏನೆಂದು ವರ್ಣಿಸಲಿ! ಪ್ರತಿ ಕೋಣೆಗೂ ಒಂದು ದೊಡ್ಡ ಬೆಲೆ ಬರೆದು, ಅದರ ಮೇಲೆ ಕೆಂಪು ಗೆರೆ ಎಳೆದು, ಕೆಳಗೆ ಸಣ್ಣ ಬೆಲೆ ಬರೆದಿರುತ್ತಾರೆ. ನಮ್ಮ ಮಾವನವರು ಅರಿವೆ ಅಂಗಡಿಯಲ್ಲಿ ಇದನ್ನೇ ಬಾಯಿಂದ ಮಾಡುತ್ತಿದ್ದರು. ಯಾರೂ ಎಂದೂ ಕೊಡದಂಥ ಬೆಲೆ ಮೊದಲು ಹೇಳುವುದು, ಆಮೇಲೆ "ನೀವು ಮನೀ ಮಂದಿ" ಎಂದು ಇಳಿಸುವುದು. ಆದ್ದರಿಂದ ಆ ಕೆಂಪು ಗೆರೆಗೆ ನಾನು ಮೋಸಹೋಗಲಿಲ್ಲ. ಮೋಸಹೋದದ್ದು ಬೇರೆ ಕಡೆ. ಒಂದು ಕೋಣೆಯ ಕೆಳಗೆ, "ಈಗ ಐದು ಜನ ಇದನ್ನು ನೋಡುತ್ತಿದ್ದಾರೆ" ಎಂದು ಬಂತು. ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ಐದು ಜನ ಗುರುತಿಲ್ಲದವರು ನೋಡುತ್ತಿರುವಾಗ ಲಾಡ್ಜಿನ ಹಾಸಿಗೆಯ ಚಿತ್ರ ನೋಡುತ್ತ ಕೂರುವುದು ಚೆಂದವೇ? ಆ ಐವರು ನನ್ನನ್ನು ನೋಡುತ್ತಿಲ್ಲ, ಕೋಣೆಯನ್ನು ನೋಡುತ್ತಿದ್ದಾರೆ ಎಂದು ನೀನು ತಿಳಿಸಿ ಹೇಳಿದ ಮೇಲೆ ಇನ್ನೊಂದು ಸಂಕಟ ಹತ್ತಿತು. ಅವರಿಗೆ ಏನು ಅಡಚಣೆ ಇದೆಯೋ, ಯಾರದು ಬಾಣಂತನವಿದೆಯೋ, ನಡುವೆ ನಾನು ಕೈ ಹಾಕುವುದೇ? ಬಿಟ್ಟುಕೊಟ್ಟೆ. ಮುಂದಿನ ಕೋಣೆಯಲ್ಲೂ ಐದು ಜನ ಇದ್ದರು. ಹೀಗೆ ಆ ದಿನ ನಾನು ಉದಗೀರದ ಎಲ್ಲ ಕೋಣೆಗಳನ್ನೂ ಆ ಐವರಿಗೆ ದಾನ ಮಾಡಿದೆ.

ಮತ್ತೊಂದು ಕಡೆ "ಕಪಲ್ ಫ್ರೆಂಡ್ಲಿ" ಎಂದು ಬರೆದಿತ್ತು. ಗಂಡ ಹೆಂಡತಿಯರನ್ನು ಆದರದಿಂದ ಕಾಣುತ್ತಾರೆ ಎಂದು ನಾನು ತಿಳಿದುಕೊಂಡೆ. ನಮ್ಮಲ್ಲೂ ಶುಭಕಾರ್ಯದಲ್ಲಿ ದಂಪತಿಗಳನ್ನು ಮಣೆ ಹಾಕಿ ಕೂರಿಸುತ್ತಾರಲ್ಲ, ಒಳ್ಳೆಯ ಸಂಸ್ಕಾರದ ಮಂದಿ ಎನ್ನಿಸಿತು. ಆದರೆ ಗಂಡ ತೀರಿಹೋದ ಇಬ್ಬರು ಮುದುಕಿಯರನ್ನು ಇವರು ಒಳಗೆ ಬಿಟ್ಟಾರೋ ಇಲ್ಲವೋ? ಇದನ್ನು ಕೇಳಿದಾಗ ನೀನು ಕೆಂಪಗಾಗಿ, "ಆಯಿ, ಅದು ಬ್ಯಾಡ, ಮುಂದ ನಡಿ" ಎಂದೆ. ಆಮೇಲೆ ನಿಮ್ಮವ್ವ ಅರ್ಥ ಹೇಳಿದ ಮೇಲೆ ನಾನೂ ಕೆಂಪಗಾದೆ. ಚಿತ್ರಗಳ ಸಂಗತಿಯಂತೂ ಹೆಣ್ಣು ತೋರಿಸುವ ಶಾಸ್ತ್ರದ ಹಾಗೆಯೇ. ಹಾಸಿಗೆಯ ಮೇಲೆ ಟವೆಲ್ಲಿನ ಹಂಸ ಕೂರಿಸಿ ತೋರಿಸುತ್ತಾರೆ, ಕಿಟಕಿಯ ಪರದೆ ತೋರಿಸುತ್ತಾರೆ, ಟಿವಿ ತೋರಿಸುತ್ತಾರೆ. ಬಚ್ಚಲಿನ ಬಾಗಿಲು, ಹೊರಗಿನ ಮೆಟ್ಟಿಲು ಮಾತ್ರ ಒಂದು ಚಿತ್ರದಲ್ಲೂ ಇರುವುದಿಲ್ಲ. ಕೊನೆಗೆ ನೀನು ತಳದಲ್ಲಿ ಎಲ್ಲೋ ಅಡಗಿದ್ದ ಒಂದು ಚೌಕ ತೋರಿಸಿದೆ. ಈಜುಕೊಳ ಬೇಕೇ, ನಾಯಿಯನ್ನು ತರುತ್ತೀರಾ ಎಂದೆಲ್ಲ ಕೇಳಿದ ಮೇಲೆ, ಎಲ್ಲಕ್ಕಿಂತ ಕೆಳಗೆ ಗಾಲಿಕುರ್ಚಿಯ ಸೌಲಭ್ಯ. ಅದನ್ನು ಒತ್ತಿದೆವು. ಉದಗೀರದ ಕೋಣೆಗಳೆಲ್ಲ ಗುಬ್ಬಿ ಹಾರಿದ ಹಾಗೆ ಹಾರಿಹೋಗಿ ಕೆಲವೇ ಕೆಲವು ಉಳಿದವು. ಜೊತೆಗೆ, ಗೋವಾದಲ್ಲಿ ಒಳ್ಳೆಯ ಕೋಣೆಗಳಿವೆ, ಸಮುದ್ರ ಕಾಣುತ್ತದೆ ಎಂಬ ಸೂಚನೆ ಬಂತು. ಅಷ್ಟರಲ್ಲಿ ಹಿಂದಿನಿಂದ ಗಾಡಿಯ ಸದ್ದು. ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. "ಮಹಾನಂದಾಗ ಫೋನ್ ಹಚ್ಚು. ತೊಟ್ಟಲಾ ಗೋವಾದಾಗ ಕಟ್ಟಂತ ಹೇಳು" ಎಂದಳು. ನಕ್ಕಳು. ನಕ್ಕ ಮೇಲೆ ಮೆಲ್ಲಗೆ, "ಖರೇನೇ ಅಂಥ ಕೋಣಿ ಸಿಗ್ತದೇನ?" ಎಂದು ಕೇಳಿದಳು. ಆ ದನಿ ಕೇಳಿದ ಮೇಲೆ ನಾನು ಕೋಣೆಯನ್ನು ಐವರಿಗಲ್ಲ, ಐವತ್ತು ಮಂದಿಗೂ ಬಿಟ್ಟುಕೊಡುವ ಹಾಗಿರಲಿಲ್ಲ.

ಉಳಿದ ಕೋಣೆಗಳವರಿಗೆ ಫೋನು ಮಾಡಬೇಕಾಯಿತು. ಶಿವಾನಿ ಓದಲು ಹೋದಳು, ಅಕ್ಕ ಪಕ್ಕದಲ್ಲಿ ಕುಳಿತಳು. ಆಕೆಯೇ ಮಾತಾಡಬಹುದಿತ್ತು, ಆದರೆ ಈ ಒಂದು ವಿಷಯದಲ್ಲಿ ತನಗಾಗಿ ತಾನೇ ಕೇಳುವುದು ಆಕೆಗೂ ಆಗದು. ಮೊದಲನೆಯವನು ಬಹಳ ಉತ್ಸಾಹದಿಂದ, "ವ್ಹೀಲ್‌ಚೇರ್ ಅದ ರೀ ಬಾಯಿ, ನಮ್ಮ ಕಡೆ ವ್ಹೀಲ್‌ಚೇರ್ ಅದ" ಎಂದ. ನಮ್ಮ ಹತ್ತಿರವೂ ಇದೆ, ಅದು ಒಳಗೆ ಬರಲು ಹಾದಿ ಇದೆಯೇ ಎಂದೆ. "ಹಾದಿ ಇಲ್ಲ. ಕುರ್ಚಿ ಅದ. ಎರಡನೇ ಮಜಲೀ ಮ್ಯಾಲ ಇಟ್ಟೀವಿ" ಎಂದ. ಎರಡನೆಯವನು ಲಿಫ್ಟು ಇದೆ ಎಂದ. ಲಿಫ್ಟಿನವರೆಗೆ? "ಮೆಟ್ಟಲಾ ಇಲ್ಲರೀ. ನಾಕೈದು ಅಷ್ಟೇ." ಕಾಲಿದ್ದವರ ಕಣ್ಣಿಗೆ ಮೆಟ್ಟಿಲು ಕಾಣುವುದಿಲ್ಲ ಎಂಬುದು ನನಗೆ ಆ ದಿನ ತಿಳಿಯಿತು. ನಾನೂ ಇಷ್ಟು ವರ್ಷ ನಮ್ಮ ಮನೆಗೆ ಮೆಟ್ಟಿಲೇ ಇಲ್ಲ ಎಂದು ತಿಳಿದಿದ್ದವಳೇ. "ಚಿಂತಿ ಮಾಡಬ್ಯಾಡ್ರಿ, ನಮ್ಮ ಮಂದಿ ಎತ್ತಿಕೊಂಡು ಹೋಗ್ತಾರ" ಎಂದು ಅವನು ಧೈರ್ಯ ಹೇಳಿದ. ಅಕ್ಕ ಫೋನಿನ ಹತ್ತಿರ ಬಾಯಿ ತಂದು, "ನಾ ಏನ್ ಜ್ವಾಳದ ಚೀಲೇನೋ ಎತ್ತಲಾಕ!" ಎಂದು ಕೂಗಿದಳು. ಅವನು ಫೋನು ಇಟ್ಟುಬಿಟ್ಟ.

ಉಳಿದದ್ದು ಒಂದೇ. ಅದು ತೊಟ್ಟಿಲಿನ ಕಾರ್ಯಕ್ರಮಕ್ಕೆ ಮಹಾನಂದಾ ಹಿಡಿದಿದ್ದ ಮಂಗಲ ಕಾರ್ಯಾಲಯದ, ಅಂದರೆ ಮದುವೆ ಮಂಟಪದ, ಎದುರಿಗೇ ಇತ್ತು. ಬಹಳ ಆಸೆಯಿಂದ ಫೋನು ಹಚ್ಚಿದೆ. ಅತ್ತ ಕಡೆಯಿಂದ ಗಂಭೀರವಾದ, ಮಂತ್ರ ಹೇಳಿ ಪಳಗಿದಂಥ ದನಿ ಮರಾಠಿಯಲ್ಲಿ, "ಸ್ವಾಮಿ ಬೋಲ್ತೋಯ್" ಎಂದಿತು. ನನ್ನ ಮರಾಠಿ ಕೇಳಿದೊಡನೆ ಅವರು ಕನ್ನಡಕ್ಕೆ ಇಳಿದು, ಯಾವ ಊರು, ಯಾರ ಮನೆತನ ಎಂದು ವಿಚಾರಿಸಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮಕ್ಕಳೇ, ಸ್ವಾಮಿ ಎಂದರೆ ಜಂಗಮರು, ಅಯ್ಯನವರು; ನಮ್ಮದು ಶಿವಭಕ್ತರ ಮನೆ. ಅಯ್ಯನವರು ಮನೆಗೆ ಬಂದರೆ ಪಾದ ತೊಳೆದು, ಮಣೆ ಹಾಕಿ, ಅವರು ಉಂಡ ಮೇಲೆ ಉಣ್ಣುವವರು. ಅಯ್ಯನವರ ಮುಂದೆ ಬೆಲೆ ಚೌಕಾಸಿ ಮಾಡಿದವರನ್ನು ನಾನು ಕಂಡಿಲ್ಲ. ಅಂಥಾದ್ದರಲ್ಲಿ ಅಯ್ಯನವರಿಗೆ, ನಿಮ್ಮ ಸಂಡಾಸದ ಬಾಗಿಲು ಎಷ್ಟು ಅಗಲ ಎಂದು ಯಾವ ನಾಲಿಗೆಯಿಂದ ಕೇಳಲಿ? ಅದೂ ನಾನು?

"ಶರಣ್ರೀ ಅಯ್ಯನೋರ" ಎಂದೆ. "ಶರಣು ಯವ್ವಾ, ಹೇಳ್ರಿ" ಎಂದರು. ಕೋಣೆ ನೆಲಕ್ಕಿದೆಯೇ? ಇದೆ. ಹೊಸ್ತಿಲು? ಇಲ್ಲ. ಗಾಲಿಕುರ್ಚಿ ಹೊರಗಿನಿಂದ ಕೋಣೆಯವರೆಗೆ ಬರುತ್ತದೆಯೇ? "ಬರೋಬ್ಬರಿ ಬರ್ತದ." ಅಕ್ಕ ನನ್ನ ಪಕ್ಕೆಗೆ ತಿವಿದಳು. "ಮತ್ತ ಅಯ್ಯನೋರ... ಅದು..." "ಯಾವ್ದು ಯವ್ವಾ?" "ಅಂದ್ರ... ನೀರಿಂದು..." "ನಳಕ್ಕ ಬಿಸಿನೀರ ಅದ." ಮತ್ತೊಂದು ತಿವಿತ. "ಹಂಗಲ್ಲರೀ, ಮುಂಜಾನಿ ಎದ್ದಕೂಡಲೇ ಬೇಕಾಗೋದು..." "ತಿಳೀತು ಯವ್ವಾ. ಲಿಂಗಪೂಜಾಕ್ಕ ಮಣಿ ಅದ, ವಿಭೂತಿ ಅದ, ಹೂ ತರಸ್ತೀನಿ." ಇಷ್ಟು ಭಕ್ತಿಯಿಂದ ಹೇಳಿದವರಿಗೆ ನಾನು ಇನ್ನೇನು ಕೇಳಲಿ? ಬಹಳ ಉಪಕಾರವಾಯಿತು ಎಂದು ಫೋನು ಇಟ್ಟು, ಫೋನಿನಲ್ಲೇ ಕೋಣೆ ಹಿಡಿದೆ. "ಕೇಳಿದೇನ?" ಎಂದು ಅಕ್ಕ. "ಎಲ್ಲಾ ಅದ ಅಂದಾರ" ಎಂದೆ. ಅವರು ಅಂದದ್ದು ವಿಭೂತಿಯ ಬಗ್ಗೆ ಎಂಬುದನ್ನು ಹೇಳಲಿಲ್ಲ.

ಹೋಗುವ ದಿನ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಹಾದಿಯುದ್ದಕ್ಕೂ ಅಕ್ಕ ಎಡಕ್ಕೆ ಬಲಕ್ಕೆ ಕಂಡದ್ದನ್ನೆಲ್ಲ ಟೀಕಿಸುತ್ತಿದ್ದಳು: ಇವನ ತೊಗರಿ ಬಾಡಿದೆ, ಅವನ ಕಬ್ಬು ಚೆನ್ನಾಗಿದೆ, ಆ ಮೋಟಾರ್ ಸೈಕಲ್ಲಿನ ಮೇಲೆ ನಾಲ್ಕು ಮಂದಿ ಕೂತಿದ್ದಾರೆ, ಐದನೆಯವನಿಗೆ ಜಾಗವಿದೆ. ನಾನು ಮಾತ್ರ ಅಯ್ಯನವರನ್ನು ಕೇಳದೆ ಉಳಿದ ಆ ಮಾತನ್ನೇ ನೆನೆಯುತ್ತ, ಎಲ್ಲಕ್ಕೂ ಹೂಂ ಹೂಂ ಎನ್ನುತ್ತಿದ್ದೆ. ನಿಲಂಗಾದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಡ್ರೈವರ್ ಕುಡಿದ, ನಾನು ಕುಡಿದೆ. ಅಕ್ಕ ಬೇಡ ಎಂದಳು. ನೀರು ಕೊಟ್ಟರೆ, "ಮೊದಲ ಉದಗೀರ ನೋಡೂಣು" ಎಂದು ಬಾಟಲಿಯನ್ನು ಹಿಂದಕ್ಕೆ ಸರಿಸಿದಳು.

ಅಯ್ಯನವರ ಲಾಡ್ಜು ನೋಡಿದೊಡನೆ ಜೀವಕ್ಕೆ ಸ್ವಲ್ಪ ತಂಪಾಯಿತು. ಬೀದಿಯಿಂದ ಬಾಗಿಲವರೆಗೆ ಸಿಮೆಂಟಿನ ಇಳಿಜಾರು, ಆನೆ ಹೋಗುವಷ್ಟು ಅಗಲದ ಬಾಗಿಲು, ಒಳಗೆ ನುಣ್ಣನೆಯ ನೆಲ. ಅಕ್ಕನ ಗಾಡಿ ಸರ್ರನೆ ಒಳಗೆ ಹೋಯಿತು. ಅಯ್ಯನವರು ಎತ್ತರದ ಆಳು; ಹಣೆಯ ತುಂಬ ವಿಭೂತಿ, ಮೊಣಕೈವರೆಗೆ ಮಡಚಿದ ಅಂಗಿ, ಕೈಯಲ್ಲಿ ಕೀಲಿಗಳ ಗೊಂಚಲು. "ಇದು ಮೊದಲ ತೊಗರಿ ಗೋದಾಮ್ ಇತ್ರಿ. ಚೀಲದ ಕೈಗಾಡಿ ಸಲ್ವಾಗಿ ಈ ಇಳಕಲಾ, ಈ ದೊಡ್ಡ ಬಾಗಲಾ" ಎಂದರು. ಅಕ್ಕ ನನ್ನ ಕಡೆ ತಿರುಗಿ, "ನೋಡಿದೇನ, ಕಡೀಕ ನಾ ಚೀಲಾ ಬರೋ ಹಾದೀಲೇ ಬಂದೆ" ಎಂದಳು.

ಅಯ್ಯನವರು ಕೀಲಿ ಕೊಟ್ಟು ಹೋದರು. ಕೋಣೆ ದೊಡ್ಡದು, ಹಾಸಿಗೆ ಶುಭ್ರ, ಮೂಲೆಯಲ್ಲಿ ಪೂಜೆಯ ಮಣೆ, ಮಣೆಯ ಮೇಲೆ ಹೂವು. ನಾನು ನೇರ ಹೋಗಿ ಸಂಡಾಸದ ಬಾಗಿಲು ತೆರೆದೆ. ಒಳಗೆ ಕುರ್ಚಿಯಂಥದ್ದೇ ಇತ್ತು; ಪಕ್ಕದಲ್ಲಿ ಹಿಡಿಯಲು ಒಂದು ಸ್ಟೀಲಿನ ಸಲಾಕೆ ಕೂಡ. ಆದರೆ ಬಾಗಿಲು! ಗೋದಾಮಿನ ಕಾಲದಲ್ಲಿ ಅಲ್ಲಿ ಸಂಡಾಸ ಎಲ್ಲಿತ್ತು? ಆಮೇಲೆ ಕಟ್ಟಿದ್ದು, ಸಣ್ಣದಾಗಿ ಕಟ್ಟಿದ್ದು. ಅಕ್ಕ ಗಾಡಿ ತಂದು ಹೊಂದಿಸಿದಳು. ಚಕ್ರ ಬಾಗಿಲಿಗೆ ಬಡಿದು ನಿಂತಿತು. ಓರೆಯಾಗಿ ತಂದಳು, ನಿಂತಿತು. ಹಿಂದುಮುಂದಾಗಿ ತಂದಳು, ನಿಂತಿತು. ಒಂದು ಹೆಬ್ಬೆರಳಿನಷ್ಟು ಜಾಗ ಕಡಿಮೆ. ಆಕೆ ನನ್ನನ್ನು ಬೈದಿದ್ದರೆ ಬದುಕುತ್ತಿದ್ದೆ. ಆಕೆ ತುಟಿ ಒದ್ದೆ ಮಾಡಿಕೊಂಡು, "ಇರಲಿ ಬಿಡು, ನಾಳಿ ಸಂಜೀತನ ತಡೀತೀನಿ" ಎಂದಳು. ಒಂದು ದಿನ ಪೂರ್ತಿ! ನನಗೆ ಅಳುವೇ ಬಂತು. "ನಾ ಅವರಿಗಿ ಕೇಳೇ ಇಲ್ಲ ಅಕ್ಕಾ. ಅಯ್ಯನೋರಿಗಿ ಹ್ಯಾಂಗ ಕೇಳಲಿ?" ಎಂದೆ.

ಆಕೆ ನನ್ನ ಮುಖ ನೋಡಿದಳು. ಏನು ತೋರಿತೋ, ಗಾಡಿ ತಿರುಗಿಸಿಕೊಂಡು ಬಾಗಿಲಿಗೆ ಹೋಗಿ, "ಅಯ್ಯನೋರ! ಸ್ವಲ್ಪ ಇಲ್ಲಿ ಪಾದಾ ಬೆಳಸ್ರಿ!" ಎಂದು ಕೂಗಿದಳು. ನಾನು ಕಿಟಕಿಯ ಪರದೆಯ ಹಿಂದೆ ಸರಿದೆ. ಅವರು ಬಂದರು.

"ಶರಣ್ರೀ. ಬಗ್ಗಿ ಪಾದಕ್ಕ ಬೀಳಲಾಕ ಆಗಲ್ದು, ಕುಂತಲ್ಲೇ ಬಿದ್ದೀನಂತ ತಿಳಕೋರಿ. ಈಗ ನನ್ನ ಮಾತ ಕೇಳ್ರಿ. ಈ ಗಾಡಿ ಸಂಡಾಸಕ್ಕ ಹೋಗಲ್ದು. ನಾ ಮುಂಜಾನಿಂದ ನೀರ ಕುಡದಿಲ್ಲ. ಏನ್ ಮಾಡ್ತೀರಿ ನೋಡ್ರಿ."

ನಾನು ಪರದೆಯ ಬಟ್ಟೆ ಕಚ್ಚಿಕೊಂಡು, ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಭೂಮಿ ಬಿಡಲಿಲ್ಲ; ಅಯ್ಯನವರು ಬಿಟ್ಟರು. "ಅಷ್ಟೇ ಹೌದಲ್ಲ, ಯವ್ವಾ!" ಎಂದರು. ಬಾಗಿಲನ್ನು ಒಮ್ಮೆ, ಚಕ್ರವನ್ನು ಒಮ್ಮೆ ಗೇಣಿನಿಂದ ಅಳೆದರು. ಹೋಗಿ ಪಾನಾ, ಸ್ಕ್ರೂಡ್ರೈವರ್ ತಂದು, ಮೊಳಕಾಲೂರಿ ಕುಳಿತು, ಬಾಗಿಲನ್ನು ಬಿಜಾಗರಿ ಸಹಿತ ಕಿತ್ತು ಗೋಡೆಗೆ ಒರಗಿಸಿದರು. ಕಿತ್ತ ಜಾಗದಲ್ಲಿ ಒಂದು ದಪ್ಪ ಚಾದರು ಇಳಿಬಿಟ್ಟರು. "ನಮ್ಮ ಅವ್ವಂದೂ ಮೊಳಕ್ಕಾಲ ಹೋಗಿದ್ದುವು. ಈ ಸಲಾಕಿ ಆಕಿ ಸಲ್ವಾಗೇ ಹಾಕಿದ್ದೆ. ಆದ್ರ ಆಕಿ ಕೋಲ ಹಿಡದ ನಡೀತಿದ್ಳು, ಗಾಡಿ ಇದ್ದಿಲ್ಲ. ಬಾಗಲಾ ನನ್ನ ಲಕ್ಷ್ಯಕ್ಕೇ ಬಂದಿಲ್ಲ" ಎಂದರು. ಆಮೇಲೆ ಪರದೆಯ ಕಡೆ ತಿರುಗಿ, "ಫೋನಿನ್ಯಾಗೇ ಕೇಳೋದಲ್ಲೇನ್ರೀ ಯವ್ವಾ? ಮೊದಲೇ ತೆಗದಿಡ್ತಿದ್ದೆ" ಎಂದರು. ನಾನು ಪರದೆಯನ್ನು ಇನ್ನಷ್ಟು ಸುತ್ತಿಕೊಂಡೆ. ಅಕ್ಕ ಹೇಳಿದಳು: "ಆಕಿ ಕೇಳ್ತಾಳೇನ್ರೀ? ಆಕಿ ಮನೀಗಿ ಬೆಂಕಿ ಬಿದ್ರೂ ಮಗ್ಗಲ ಮನಿಯವರಿಗಿ ಚೀಟಿ ಬರದು ಕಳಸ್ತಾಳ."

ಗಾಡಿ ಎರಡೂ ಕಡೆ ಉಜ್ಜಿಕೊಂಡು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹೊರಗೆ ಬಂತು. ಅಕ್ಕ ಕೈ ಚಾಚಿ, "ತಾ ಇಲ್ಲಿ ತಂಬಗಿ" ಎಂದಳು. ಗಟಗಟ ಒಂದು ತಂಬಿಗೆ ಕುಡಿದಳು. "ಇನ್ನೊಂದು ತಾ" ಎಂದಳು. ನೀರು ಗದ್ದದ ಮೇಲಿಂದ ಹರಿದು ಸೀರೆ ತೊಯ್ದರೂ ಒರೆಸಿಕೊಳ್ಳಲಿಲ್ಲ. ನಾನು ಎಷ್ಟೋ ಮಂದಿ ಹೋಳಿಗೆ ತುಪ್ಪ ಉಣ್ಣುವುದನ್ನು ನೋಡಿದ್ದೇನೆ. ಬರೀ ನೀರನ್ನು ಅಷ್ಟು ಸುಖದಿಂದ ಕುಡಿದವರನ್ನು ನೋಡಿಲ್ಲ.

ಸಂಜೆಗೆ ಸುದ್ದಿ ಬಜಾರ ಮುಟ್ಟಿತು. ಮಹಾನಂದಾ ಬುಸುಗುಟ್ಟುತ್ತ ಬಂದಳು. ಜೊತೆಯಲ್ಲಿ ಆಕೆಯ ಅತ್ತೆ, ನಮ್ಮ ಬೀಗಿತ್ತಿ ಶಾಂತಾಬಾಯಿ. ಊರಲ್ಲಿ ಮಗಳ ಮನೆ ಇರುವಾಗ ಲಾಡ್ಜಿನಲ್ಲಿ ಇಳಿಯುವುದೆಂದರೆ ನಮ್ಮಲ್ಲಿ ಬೀಗರ ಮುಖಕ್ಕೆ ಮಸಿ ಬಳಿದಂತೆಯೇ. "ಅವ್ವಾ, ಮಗಳ ಮನ್ಯಾಗ ಜಾಗಾ ಇದ್ದಿಲ್ಲೇನು? ನಾಳಿ ಮಂದೀಗಿ ನಾ ಯಾವ ಮಾರಿ ತೋರಸಲಿ?" ಎಂದು ಮಹಾನಂದಾ. "ಇದ್ದ ಮಾರೀನೇ ತೋರಸು, ಚಂದ ಅದ" ಎಂದು ಅಕ್ಕ. ಶಾಂತಾಬಾಯಿಯದು ದೊಡ್ಡವರ ಸಿಟ್ಟು, ಮೂಗಿನಲ್ಲೇ ಇತ್ತು. ಕೂರು ಎಂದರೆ ಕೂರಲಿಲ್ಲ, ಚಹಾ ಎಂದರೆ ಒಲ್ಲೆ ಎಂದಳು. ನಿಂತೇ ನಿಂತು ಮೊಳಕಾಲು ಒತ್ತಿಕೊಳ್ಳುತ್ತ ಕೋಣೆಯನ್ನು ಸುತ್ತ ನೋಡಿದಳು. ಚಾದರದ ಕಡೆ ನೋಡಿದಳು. ಗಾಳಿಗೆ ಅದರ ಅಂಚು ಸ್ವಲ್ಪ ಸರಿದು ಸ್ಟೀಲಿನ ಸಲಾಕೆ ಹೊಳೆಯಿತು. "ಸ್ವಲ್ಪ ಕೈಕಾಲಿಗಿ ನೀರ ಹಾಕ್ಕೊಂಡ ಬರ್ತೀನಿ" ಎಂದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಆ ಮುಖವನ್ನು ನೀವು ನೋಡಬೇಕಿತ್ತು, ಹುಣ್ಣಿಮೆ. ಮಂಚದ ಮೇಲೆ ಆರಾಮಾಗಿ ಕುಳಿತು, "ಮಹಾನಂದಾ, ಸುಮ್ನ ಅವ್ವಗ ತ್ರಾಸ ಕೊಡಬ್ಯಾಡ. ಬೀಗರು ಇಲ್ಲೇ ಇರಲಿ. ಚಹಾ ತರಸು" ಎಂದಳು. ಅಕ್ಕನ ಕಡೆ ಬಾಗಿ, ಮೆಲ್ಲಗೆ, "ನಾಳಿ ಮುಂಜಾನಿ ನಾ ಇಲ್ಲಿಗೇ ಬರ್ತೀನಿ ರೀ. ಆ ಮನ್ಯಾಗ ಕೂತು ಏಳೋದ್ರಾಗ ಅರ್ಧ ದಿನ ಹೋಗ್ತದ" ಎಂದಳು.

ಮರುದಿನ ಶಾಂತಾಬಾಯಿ ಒಬ್ಬಳೇ ಬಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕಾರ್ಯಾಲಯದಲ್ಲಿ ಇದ್ದದ್ದು ಕುಕ್ಕರಗಾಲಿನ ಸಂಡಾಸಗಳೇ, ಅದೂ ಹಿತ್ತಲಿನಲ್ಲಿ, ಮೆಟ್ಟಿಲು ಹತ್ತಿ. ಎದುರಿನ ಲಾಡ್ಜಿನಲ್ಲಿ ಬೀಗರ ಕೋಣೆ ಬಹಳ ಚೆನ್ನಾಗಿದೆಯಂತೆ ಎಂದು ಶಾಂತಾಬಾಯಿ ಯಾರ ಕಿವಿಯಲ್ಲಿ ಹೇಳಿದಳೋ, ಮೊಳಕಾಲು ನೋಯುವ ಮುದುಕಿಯರೆಲ್ಲ ಒಬ್ಬೊಬ್ಬರಾಗಿ "ಕೋಣಿ ನೋಡಲಾಕ" ಬರತೊಡಗಿದರು. ಬಂದವರು ಮೊದಲು ಪರದೆ ಹೊಗಳುವರು, ಮಂಚ ಹೊಗಳುವರು, ಆಮೇಲೆ ಕೈಕಾಲಿಗೆ ನೀರು ಹಾಕಿಕೊಳ್ಳುವರು. ಬಾಗಿಲಿಲ್ಲ, ಬರೀ ಚಾದರು. ಕಾವಲಿಗೆ ಒಬ್ಬರು ಬೇಕು. ಅಕ್ಕ ಕಾರ್ಯಾಲಯದಲ್ಲಿ ಮರಿಮೊಮ್ಮಗನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹಾಗಾಗಿ ಚಾದರದ ಮುಂದೆ ಕುರ್ಚಿ ಹಾಕಿಕೊಂಡು ಕೂತವಳು ನಾನು. "ಒಳಗ ಮಂದಿ ಅದಾರ" ಎಂದು ಮೊದಲು ಸನ್ನೆ ಮಾಡಿದೆ. ಯಾರೂ ಲಕ್ಷ್ಯ ಕೊಡಲಿಲ್ಲ. ಮೆಲ್ಲಗೆ ಹೇಳಿದೆ. ಒಬ್ಬಾಕೆ ಚಾದರು ಎತ್ತಿಯೇಬಿಟ್ಟಳು, ಒಳಗಿನಿಂದ ಕಿರುಚಾಟ. ಆಗ ನನಗೇ ತಿಳಿಯದಂತೆ, "ನಿಂದ್ರವ್ವಾ! ಒಳಗ ಮಂದಿ ಅದಾರ, ಪಾಳಿ ಹಚ್ಚು!" ಎಂದು ನನ್ನ ಬಾಯಿಂದ ಒಂದು ದನಿ ಬಂತು. ಹಿಂದೆ ತಿರುಗಿ ನೋಡಿದೆ, ಅಕ್ಕ ಬಂದಳೇನೋ ಎಂದು. ಯಾರೂ ಇರಲಿಲ್ಲ. ಮುದುಕಿಯರು ಸುಮ್ಮನೆ ಪಾಳಿ ಹಚ್ಚಿದರು.

ಎದುರಿನಿಂದ ತೊಟ್ಟಿಲ ಹಾಡು ಕೇಳಿಸುತ್ತಿತ್ತು. ಇನ್ನೇನು ಹೂ ಸುರಿಯುತ್ತಾರೆ, ನಾನು ನೋಡಬೇಕು ಎಂದರೆ ಮಹಾನಂದಾಳ ಅತ್ತೆಯ ದೊಡ್ಡಮ್ಮ ಒಳಗಿದ್ದಾಳೆ, ಬಿಟ್ಟು ಹೋಗುವ ಹಾಗಿಲ್ಲ. ಹಾಡು ನಿಂತಿತು. ಮುಗಿದೇ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಮಹಾನಂದಾ ಓಡಿ ಬಂದು, "ಕಾಕೂ, ಲಗೂನ ಬಾ. ಆಕಿ ಬರೋತನ ಒಂದ ಹೂ ನನ್ನ ತಲೀ ಮ್ಯಾಲ ಬಿದ್ರೂ ಎದ್ದ ಹೋಗ್ತೀನಿ ಅಂತ ಅವ್ವ ಕುಂತಾಳ" ಎಂದಳು. ದೊಡ್ಡಮ್ಮನನ್ನು ಅವಸರ ಮಾಡಿ ಹೊರಡಿಸಿಕೊಂಡು ಹೋದೆ. ತುಂಬಿದ ಸಭೆ ಪೂರ್ತಿ ಬಾಗಿಲ ಕಡೆ ತಿರುಗಿ ನನ್ನನ್ನೇ ನೋಡುತ್ತಿತ್ತು. ಈ ಸಲ ಐದೇ ಜನ ಇರಲಿಲ್ಲ. ಅಕ್ಕ ನನ್ನ ಕೈ ಹಿಡಿದೆಳೆದು ಗಾಡಿಯ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ತೆಳ್ಳನೆಯ ಬಂಗಾರದ ಹೂಗಳು ಆಕೆಯ ಬಿಳಿಗೂದಲ ಮೇಲೆ, ಪಕ್ಕದಲ್ಲಿದ್ದ ಶಾಂತಾಬಾಯಿಯ ತಲೆಯ ಮೇಲೂ, ಬಿದ್ದವು. ಕೂಸು ಒಂದನ್ನು ಹಿಡಿದು ಬಾಯಿಗೆ ಹಾಕಿಕೊಳ್ಳಲು ನೋಡಿ ಎಲ್ಲರನ್ನೂ ಗಾಬರಿ ಮಾಡಿತು. ಆಶೀರ್ವಾದ ಮಾಡಲು ಬಂದಿದ್ದ ಲಾಡ್ಜಿನ ಅಯ್ಯನವರನ್ನು ನೋಡಿ ಅಕ್ಕ ಎಲ್ಲರಿಗೂ ಕೇಳುವಂತೆ, "ಅಯ್ಯನೋರ, ಬಂಗಾರದ ಹೂ ಬಿದ್ರ ಕೈಲಾಸದ ಬಾಗಲಾ ತೆರೀತದಂತ. ಆ ಬಾಗಲಾ ಎಷ್ಟ ಅಗಲ ಅದ, ವಿಚಾರಸಿ ಇಡ್ರಿ. ಇಲ್ದಿದ್ರ ಪಾನಾ ತಗೊಂಡ ನೀವೇ ಮುಂದ ಹೋಗಬೇಕಾಗ್ತದ" ಎಂದಳು. ಅಯ್ಯನವರು ನಕ್ಕ ನಗೆಗೆ ಅವರ ವಿಭೂತಿಯೇ ಉದುರಿತು.

ಅಲ್ಲಿಂದ ಬಂದ ಮೇಲಿನ ನನ್ನ ಪಾಡು ನೀವು ನೋಡುತ್ತಲೇ ಇದ್ದೀರಿ. ಉದಗೀರದ ಪಾಳಿಯಲ್ಲಿ ನಿಂತ ಮುದುಕಿಯರು ಊರೂರಿಗೆ ಹೋಗಿ, ಉಮರ್ಗಾದಲ್ಲಿ ಒಬ್ಬಾಕೆ ಇದ್ದಾಳೆ, ಫೋನಿನಲ್ಲಿ ಅಗ್ಗದ ಕೋಣೆ ಹುಡುಕಿ ಕೊಡುತ್ತಾಳೆ, ಎಲ್ಲ ವಿಚಾರಿಸಿ ಕೊಡುತ್ತಾಳೆ ಎಂದು ಸಾರಿಬಿಟ್ಟಿದ್ದಾರೆ. ಯಾರದೋ ಮಾವನಿಗೆ ಸೊಲ್ಲಾಪುರದಲ್ಲಿ ಬೇಕು, ಯಾರದೋ ಅವ್ವನಿಗೆ ಲಾತೂರಿನಲ್ಲಿ ಬೇಕು. ನಾನು ಅಂಗಡಿಯ ಹಿಂದೆ ಕುಳಿತು ಫೋನು ಹಚ್ಚಿ, "ಸಂಡಾಸದ ಬಾಗಲಾ ಎಷ್ಟ ಅಗಲ ಅದ ರೀ? ಗೇಣಲೆ ಅಳದ ಹೇಳ್ರಿ. ಮೆಟ್ಟಲಾ ಇಲ್ಲಂದ್ರ ಖರೇನೇ ಇಲ್ಲೇನು, ನಿಮ್ಮ ಕಾಲಿಗಿ ಇಲ್ಲೇನು?" ಎಂದು ಕೇಳುತ್ತೇನೆ. ಸಕ್ಕರೆ ತೂಗಿಸಿಕೊಳ್ಳಲು ಬಂದವರು ಹೊರಳಿ ನೋಡುತ್ತಾರೆ. ನಿಮ್ಮಪ್ಪ ರೇಡಿಯೋದ ದನಿ ಏರಿಸುತ್ತಾನೆ. ನಿಮ್ಮವ್ವ ಒಳಗಿನಿಂದ, "ಅತ್ತೀ, ಸಣ್ಣ ದನಿಲೆ ಮಾತಾಡ್ರಿ" ಎನ್ನುತ್ತಾಳೆ. ಜನ್ಮದಲ್ಲಿ ಈ ಮಾತನ್ನು ನನಗೆ ಯಾರಾದರೂ ಹೇಳಿಯಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕನಂತೂ, "ನನ್ನ ಬಾಯಿ ಕದ್ದಾಳ" ಎಂದು ಓಣಿಯವರಿಗೆಲ್ಲ ದೂರು ಹೇಳುತ್ತಿದ್ದಾಳೆ.

ಬಾಯಿ ಬಂತು, ಸರಿ; ಆದರೆ ಕೈಗೆ ಇನ್ನೂ ನಾಚಿಕೆ ಇದೆ. ಇಷ್ಟು ಬರೆದು ಮುಗಿಸಿ ಹಿಂದಕ್ಕೆ ಓದಿ ನೋಡಿದರೆ, ಹಳ್ಳಿ ಶಾಲೆಯಲ್ಲಿ ಮುತ್ತಿನಂಥ ಅಕ್ಷರಕ್ಕೆ ಶಾಭಾಸ್ ಪಡೆದ ನಾನು ಆ ಮುತ್ತಿನಂಥ ಅಕ್ಷರದಲ್ಲಿ ಪುಟಕ್ಕೆ ಎಷ್ಟು ಸಲ ಸಂಡಾಸ ಎಂದು ಬರೆದಿದ್ದೇನೆ ನೋಡಿ! ಅಡ್ಡಗೆರೆ ಎಳೆದು ಅಳಿಸೋಣ ಎಂದರೆ, ಆ ಫೋನಿನವರ ಕೆಂಪು ಗೆರೆಯ ಹಾಗೆ, ಎಳೆದಷ್ಟೂ ಎದ್ದು ಕಾಣುತ್ತದೆ. ಆದ್ದರಿಂದ ಇದ್ದಂತೆಯೇ ಬಿಟ್ಟಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಡಿ ಮಕ್ಕಳೇ. ಬೀಗರು ಬಂದಾಗ ಗಾದಿಯ ಕೆಳಗೆ ಸರಿಸಿ. ಬಹಳ ಒಳಗೆ ಮಾತ್ರ ಸರಿಸಬೇಡಿ. ನಾಳೆ ನಮ್ಮ ಮನೆಯಲ್ಲಿ ಯಾರಾದರೂ ಕಾರ್ಯಕ್ಕೆ ಹೊರಟಾಗ ಬೆನ್ನು ನೋವು, ಬಿಸಿಲು ಜೋರು ಎಂದು ನೆವ ಹೇಳುತ್ತ ನೀರು ಕುಡಿಯದೆ ಕೂತರೆ, ಹೊರಗೆ ತೆಗೆದು ಅವರ ಮುಂದೆ ಗಟ್ಟಿಯಾಗಿ ಓದಿ. ಹಾಗೆ ಕೂತವಳು ನಾನೇ ಆಗಿದ್ದರೆ, ಇನ್ನೂ ಸ್ವಲ್ಪ ಗಟ್ಟಿಯಾಗಿ.